ಫಕ್ಕೀರವ್ವನ ಕೋಳಿ ಹಾಸು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸುತ್ತಿನ ಕೋಳಿ ಸಾಕಣೆದಾರರೇ, ನೀವು ಇಂದಿಗೂ 'ಡಾಕ್ಟರ ಪುಡಿ' ಎಂದು ಕರೆಯುವ ಆ ಪುಡಿ ನನ್ನದಲ್ಲ. ಅದು ಕುಪ್ಪೇಲೂರಿನ ಫಕ್ಕೀರವ್ವನದು. ನಾನು ಅದನ್ನು ಅವಳಿಂದ ಕದ್ದೆ — ಕದಿಯುವ ಮೊದಲು, ಅದೇ ಪುಡಿಯ ನೆಪದಲ್ಲಿ ಅವಳ ಮಾನ ಕಳೆದೆ.

ನಾನು ಹೆಮ್ಮೆಯ ಮನುಷ್ಯ. ಅದನ್ನು ಈಗಲೂ ಮುಚ್ಚಿಡುವುದಿಲ್ಲ. ಎಂಬತ್ತರ ದಶಕದಲ್ಲಿ ಪಶುವೈದ್ಯ ಪದವಿ ಮುಗಿಸಿ, ಸರ್ಕಾರಿ ನೌಕರಿಗೆ ಹೋಗದೆ, ರಾಣೇಬೆನ್ನೂರಿನ ಹೊರಗೆ ಸ್ವಂತ ಫಾರ್ಮ್ ಕಟ್ಟಿದವನು. ನನ್ನ ಶೆಡ್ಡಿನಷ್ಟು ಸ್ವಚ್ಛವಾದ ಶೆಡ್ಡು ಮೂರು ತಾಲೂಕಿನಲ್ಲಿ ಇರಲಿಲ್ಲ. ಒಂದು ತಂಡದ ಕೋಳಿ ಖಾಲಿಯಾದ ಕೂಡಲೇ ಹಳೆಯ ಹಾಸನ್ನೆಲ್ಲ — ಕೋಳಿಗಳ ಕಾಲಡಿಯ ಹೊಟ್ಟು, ಹಿಕ್ಕೆ — ಬಳಿದು ಹೊರಹಾಕಿಸಿ, ಸುಣ್ಣ ಹೊಡೆಸಿ, ಔಷಧದ ನೀರಿನಲ್ಲಿ ನೆಲ ತೊಳೆಸುತ್ತಿದ್ದೆ. ನೋಡಲು ಬಂದವರಿಗೆ ಬೆಳ್ಳಗಿನ ಗೋಡೆಯ ಮುಂದೆ ನಿಂತು ಭಾಷಣ ಕೊಡುವುದು ನನ್ನ ಚಟವಾಗಿತ್ತು. ಬೇರೆಯವರ ಮರಿ ಸಾಯುತ್ತಿದ್ದವು, ನನ್ನವು ಸಾಯುತ್ತಿರಲಿಲ್ಲ. ಎಲ್ಲವೂ ನನ್ನ ಸುಣ್ಣದ ಮಹಿಮೆ ಎಂದುಕೊಂಡಿದ್ದೆ.

ಮರಿಗಳನ್ನು ನೋಡಿಕೊಳ್ಳುತ್ತಿದ್ದವಳು ಫಕ್ಕೀರವ್ವ. ಬೆಳಗಿನ ಬಸ್ಸಿಗೆ ಕುಪ್ಪೇಲೂರಿನಿಂದ ಬರುತ್ತಿದ್ದಳು. ಮನೆಯಲ್ಲಿ ಅವಳದೂ ಒಂದಷ್ಟು ಜವಾರಿ ಕೋಳಿಗಳಿದ್ದವು. ಅವುಗಳ ತತ್ತಿಯನ್ನು ಸಂತೆಯಲ್ಲಿ ಮಾರುತ್ತಿದ್ದಳು. ಒಂದು ದಿನ — ಹೊಸ ಮರಿಗಳು ಬಂದ ದಿನವೇ — ನಿಮ್ಮಲ್ಲಿ ಹತ್ತಾರು ಮಂದಿ ನನ್ನ ಶೆಡ್ಡು ನೋಡಲು ಬಂದಿದ್ದಿರಿ. ಅವಳು ಸೆರಗಿನ ಗಂಟು ಬಿಚ್ಚಿ, ಅದೇನೋ ಕಂದು ಪುಡಿಯನ್ನು ಮರಿಗಳ ಕಾಳಿನ ತಟ್ಟೆಯ ಸುತ್ತ ಉದುರಿಸುತ್ತಿದ್ದಳು. ಏನದು ಎಂದು ಕೇಳಿದೆ.

"ನಮ್ಮ ಜವಾರಿ ಕೋಳಿ ಹಾಸ್ರಿ, ಸಾಹೇಬ್ರ. ಈ ಮರಿ ಡಬ್ಬ್ಯಾಗ ಬಂದಾವು, ತಾಯಿ ಹಿಂದ ಅಡ್ಡಾಡಿಲ್ಲ. ತಾಯಿ ಕಾಲಾಗಿಂದು ಒಂದೀಟು ಹೊಟ್ಟ್ಯಾಗ ಬಿದ್ರ ಗಟ್ಟಿ ಆಗ್ತಾವ. ಪ್ರತಿ ಸಲ ಹಾಕ್ತೇನ್ರಿ."

ಪ್ರತಿ ಸಲ! ನಿಮ್ಮೆದುರು ನನ್ನ ಮುಖ ಸಣ್ಣದಾಯಿತು. "ಹೊಲಸು ತಂದು ನನ್ನ ಮರಿ ಕೊಲ್ಲಾಕ ಬಂದೀಯೇನು? ನಡಿ ಹೊರಗ!" ಎಂದು ಕೂಗಿದೆ. ನಿಮ್ಮಲ್ಲಿ ಕೆಲವರು ನಕ್ಕಿರಿ. ಅವಳು ತಲೆ ತಗ್ಗಿಸಲಿಲ್ಲ — ನನ್ನನ್ನೇ ನೋಡುತ್ತ ಹೋದಳು.

ಆ ತಂಡವೇನೋ ಚೆನ್ನಾಗಿಯೇ ಬೆಳೆಯಿತು. ಮುಂದಿನ ತಂಡಕ್ಕೆ ಎರಡು ಸಲ ಸುಣ್ಣ ಹೊಡೆಸಿದೆ. ನಾಲ್ಕನೆಯ ದಿನ ಮರಿಗಳಿಗೆ ಬಿಳಿ ಭೇದಿ ಹತ್ತಿತು. ರೆಕ್ಕೆ ಇಳಿಬಿಟ್ಟು, ಒಂದರ ಮೇಲೊಂದು ಬಿದ್ದು ಚೀರುತ್ತಿದ್ದವು. ಬುಟ್ಟಿಗಟ್ಟಲೆ ಹೂಳಿದೆವು. ಈ ಸಲ ಫಕ್ಕೀರವ್ವ ಶೆಡ್ಡಿಗೆ ಕಾಲಿಟ್ಟಿರಲಿಲ್ಲ — ನನಗೆ ಗೊತ್ತಿತ್ತು. ಆದರೂ ನೀವು ಕೇಳಿದಾಗ, "ಆಕಿ ತಂದಿಟ್ಟ ರೋಗ" ಎಂದುಬಿಟ್ಟೆ. ಆಮೇಲೆ ಅವಳನ್ನು ಯಾವ ಫಾರ್ಮಿನವರೂ ಕರೆಯಲಿಲ್ಲ. ಸಂತೆಯಲ್ಲಿ ಅವಳ ತತ್ತಿಯನ್ನೂ ಯಾರೂ ಮುಟ್ಟುತ್ತಿಲ್ಲ ಎಂದು ಕಿವಿಗೆ ಬಿತ್ತು. ಕೇಳಿಸಿಕೊಂಡು ಸುಮ್ಮನಿದ್ದೆ.

ಕೆಲವು ತಿಂಗಳ ನಂತರ, ಕಾಲೇಜಿನ ಗೆಳೆಯನೊಬ್ಬ ಕಳಿಸಿದ ಪತ್ರಿಕೆಯಲ್ಲಿ ಒಂದು ಲೇಖನ ಓದಿದೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಯ ಕರುಳು ಹೆಚ್ಚುಕಡಿಮೆ ಖಾಲಿ. ಆರೋಗ್ಯವಂತ ಕೋಳಿಯ ಹಿಕ್ಕೆಯಲ್ಲಿನ ಒಳ್ಳೆಯ ಜೀವಾಣುಗಳು ಮೊದಲು ಹೊಕ್ಕರೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ ಕರುಳಿನ ಗೋಡೆಯನ್ನು ಹಿಡಿಯುತ್ತವೆ. ರೋಗದ ಜೀವಾಣುಗಳಿಗೆ ಕೂರಲು ಜಾಗ ಸಿಗುವುದಿಲ್ಲ. ಕರುಳಿನ ಸ್ವಂತ ಕಾವಲೂ ಆಗ ಚುರುಕಾಗುತ್ತದೆ. ಫಕ್ಕೀರವ್ವನ ಸೆರಗಿನ ಗಂಟು ನೆನಪಾಯಿತು. ನಾನು ತೊಳೆಸಿ ಹಾಕಿದ್ದು ರೋಗವನ್ನಷ್ಟೇ ಅಲ್ಲ, ಮರಿಗಳ ಕಾವಲನ್ನೂ.

ತಪ್ಪು ಒಪ್ಪಿಕೊಳ್ಳಲು ಅದೇ ಸರಿಯಾದ ಹೊತ್ತಾಗಿತ್ತು. ಒಪ್ಪಿಕೊಳ್ಳಲಿಲ್ಲ. ನನ್ನ ಹಳೆಯ ಕೋಳಿಗಳ ಹಾಸನ್ನು ತೆಗೆಸಿದೆ. ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ. ಕೆಡದೆ ಇಡಬೇಕಾದ ಯಾವುದನ್ನಾದರೂ ಮೆಣಸಿನಕಾಯಿ ಹರಡಿದಂತೆ ಕಣದಲ್ಲಿ ಹರಡಿ ಗಲಗಲ ಒಣಗಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ಹಾಗೆಯೇ ಸುಡುಬಿಸಿಲಿನಲ್ಲಿ ಒಣಗಿಸಿ ಹಾಕಿದೆ. ಮರಿಗಳು ಮತ್ತೆ ಸತ್ತವು.

ಆಗ ಕುಪ್ಪೇಲೂರಿಗೆ ಹೋದೆ. ಫಕ್ಕೀರವ್ವ ಕಂಬಳಿ ಹಾಸಿ ಕೂರಿಸಿದಳು, ಚಹಾ ಕೊಟ್ಟಳು. ಸುಮ್ಮನೆ ಮಾತಿಗೆ ಕೇಳುವವನಂತೆ ಕೇಳಿದೆ. ಅವಳು ಏನನ್ನೂ ಮುಚ್ಚಿಡಲಿಲ್ಲ.

"ಬಿಸಲಾಗ ಇಟ್ರ ಅದರಾಗಿನ ಜೀವಾನ ಹೋಗ್ತೈತ್ರಿ. ನೆರಳಾಗ ಆರಿಸ್ಬೇಕು. ವರ್ಷಗಟ್ಲೆ ಬ್ಯಾನಿ ಕಾಣದ ಕೋಳೀದ ಆಗಬೇಕು." ಆಮೇಲೆ ಕೇಳಿದಳು, "ನಾಳಿಂದ ಕೆಲಸಕ್ಕ ಬರ್ಲೇನ್ರಿ?"

"ಹೇಳಿ ಕಳಸ್ತೇನಿ" ಎಂದೆ. ಹೇಳಿ ಕಳಿಸಲಿಲ್ಲ.

ಅವಳು ಹೇಳಿದಂತೆಯೇ ಮಾಡಿದೆ. ಉಳಿದದ್ದು ನಿಮಗೆ ಗೊತ್ತು. ಮರಿಗಳು ಬದುಕಿದವು. ಹಾವೇರಿಯ ಸಭೆಯಲ್ಲಿ ನೀವು ಶಾಲು ಹೊದಿಸಿದಿರಿ. ನಾನು 'ನನ್ನ ಸಂಶೋಧನೆ' ಎಂದು ಭಾಷಣ ಬಿಗಿದೆ. ಹಾಸು ತೆಗೆಯುವ ಮೊದಲು ಆ ಕೋಳಿಗಳ ರಕ್ತ ಪರೀಕ್ಷೆ ಮಾಡಿಸಬೇಕು ಎಂದು ಸೇರಿಸಿದವನು ನಾನು — ಅಷ್ಟು ಮಾತ್ರ ನನ್ನದು. ಈಗಲೂ ಯಾರದಾದರೂ ಶೆಡ್ಡಿನಲ್ಲಿ ಗಟ್ಟಿಮುಟ್ಟಾದ ಮರಿಗಳು ಕಾಲಿಗೆ ತೊಡರಿಕೊಂಡು ಓಡಾಡಿದರೆ ನನ್ನ ಎದೆ ಉಬ್ಬುತ್ತದೆ. ಏನು ಮಾಡಲಿ, ಆ ಹೆಮ್ಮೆ ಸುಳ್ಳಲ್ಲ. ಆದರೆ ಅದರಲ್ಲಿ ದೊಡ್ಡ ಪಾಲು ಇನ್ನೊಬ್ಬಳದು, ಅದನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾನೊಬ್ಬನೇ ಉಂಡೆ.

ಹೋದ ತಿಂಗಳು ಮತ್ತೆ ಕುಪ್ಪೇಲೂರಿಗೆ ಹೋಗಿ ಎಲ್ಲವನ್ನೂ ಅವಳಿಗೆ ಹೇಳಿದೆ. ಕ್ಷಮಿಸು ಎಂದೆ. ಅವಳು ಜೋಳ ಹಸನು ಮಾಡುತ್ತಿದ್ದಳು, ಮೊರ ಕೆಳಗಿಟ್ಟಳು. ಅಂದು ನೋಡಿದ ಹಾಗೆಯೇ ನೆಟ್ಟಗೆ ನೋಡಿದಳು.

"ಇದೆಲ್ಲಾ ನನಗ ಗೊತ್ತಿದ್ದದ್ದ ಐತ್ರಿ. ನನ್ನ ಮುಂದ ಯಾಕ ಹೇಳ್ತೀರಿ? ಯಾರ ಮುಂದ ಬೈದ್ರಿ, ಅವರ ಮುಂದ ಹೇಳ್ರಿ."

ಅಂದು ಶೆಡ್ಡಿನಲ್ಲಿ ನಿಂತಿದ್ದವರು ನೀವು. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಫಕ್ಕೀರವ್ವ ರೋಗ ತಂದವಳಲ್ಲ. ಅವಳ ಕೈಯಲ್ಲಿದ್ದಷ್ಟು ದಿನ ನನ್ನ ಒಂದು ತಂಡವೂ ಕೆಡಲಿಲ್ಲ. ಆ ಮರಿಗಳನ್ನು ಕೊಂದವನು ನಾನು.