ಒಬ್ಬರೇ ಸದಸ್ಯರಿದ್ದ ಶಾಖೆಯ ಅಧ್ಯಕ್ಷರು

ಪಂಕ್ಚರ್ ಅಂಗಡಿಯವರ ಸಂಘದ ಕಾನಹೊಸಹಳ್ಳಿ ಶಾಖೆಗೆ ಶೇಖಾವಲಿ ಸಾಹೇಬರೇ ಅಧ್ಯಕ್ಷರು. ಕಾರ್ಯದರ್ಶಿಯೂ ಅವರೇ, ಸದಸ್ಯರೂ ಅವರೊಬ್ಬರೇ. ಅವರು ಗಾಳಿ ತುಂಬಿದ ಸ್ಕೂಟರೊಂದು ನೆಲ ಮುಟ್ಟದೆ ಚಿಗಟೇರಿವರೆಗೆ ಹೋಗಿದ್ದನ್ನು ಕಣ್ಣಾರೆ ಕಂಡವನು ನಾನು. ಆದರೆ ಗಾಳಿ ತುಂಬಲು ಅವರಿಗೆ ಪುರುಸೊತ್ತೆಲ್ಲಿ? ದಿನವೂ ಸಭೆ. ನಿರ್ಣಯವನ್ನು ತಾವೇ ಮಂಡಿಸಿ, ತಾವೇ ವಿರೋಧಿಸಿ, ಸಿಟ್ಟಾಗಿ ಸಭೆ ಬಿಟ್ಟು ಹೈವೇ ಪಕ್ಕ ಹೋಗಿ ನಿಲ್ಲುತ್ತಿದ್ದರು. ಆಮೇಲೆ ಅಧ್ಯಕ್ಷರ ಹೊಣೆಯಿಂದ ತಾವೇ ತಮ್ಮನ್ನು ರಮಿಸಿ ಕರೆತರುತ್ತಿದ್ದರು. ಅಷ್ಟರಲ್ಲಿ ಹೆಂಡತಿ ಶರೀಫಾ ಬೀ ಅಂಗಡಿಗೆ ಬಂದ ಟ್ಯೂಬಿಗೆಲ್ಲ ತೇಪೆ ಹಾಕಿ ಮುಗಿಸಿರುತ್ತಿದ್ದರು.

ಈ ವರ್ಷ ಕೂಡ್ಲಿಗಿಯ ಕೇಂದ್ರ ಸಂಘ ಶಾಖೆಗಳ ಅಭಿವೃದ್ಧಿ ಯೋಜನೆ ಮಾಡಿತು. ಅಲ್ಲಿಯ ಬೆನಕಪ್ಪ ಬಂದು ಹೇಳಿದರು: “ಇಬ್ಬರಾದ್ರೂ ಸದಸ್ಯರು ಇರಬೇಕ್ರಿ. ಇಲ್ಲಂದ್ರ ನಿಮ್ಮ ಶಾಖೆ ಕೊಟ್ಟೂರಿಗೆ ಸೇರಸ್ತೀವಿ. ಅಧ್ಯಕ್ಷರ ಬೋರ್ಡ್ ಇಳಸಬೇಕಾಗ್ತೈತಿ.”

ಬೋರ್ಡ್ ಇಳಿದರೆ ಸಾಹೇಬರ ಜೀವವೇ ಇಳಿದಂತೆ. ಊರಿಗೆ ಇನ್ನೊಬ್ಬ ಪಂಕ್ಚರಿನವನನ್ನು ಕರೆತಂದರೆ ಗಿರಾಕಿಗಳು ಅವನ ಕಡೆ ಹೋಗುತ್ತಾರೆ. ಕಡೆಗೆ ಹೆಂಡತಿಯ ಮುಂದೆ ನಿಂತರು.

“ನೀನೇ ಸದಸ್ಯಳಾಗಬೇಕು ನೋಡು.”

“ಆಗ್ತೀನ್ರಿ. ಅಧ್ಯಕ್ಷಗಿರಿ ನನಗ ಕೊಡ್ರಿ.”

“ಮತ್ತ ನನ್ನ ಬೋರ್ಡ್?”

“ಅದು ಅಲ್ಲೇ ಇರತೈತಿ. ಹೆಸರು ಅಷ್ಟ ಬದಲಾಗ್ತೈತಿ.”

ಶಾಖೆ ಉಳಿಯಿತು. ಗಿರಾಕಿ ಇರುವಾಗ ಸಭೆ ನಡೆಸಬಾರದು ಎಂಬುದು ಹೊಸ ಅಧ್ಯಕ್ಷರ ಮೊದಲ ನಿರ್ಣಯ. ಸಾಹೇಬರು ಉಗ್ರವಾಗಿ ವಿರೋಧಿಸಿ, ಸಭೆ ಬಿಟ್ಟು ಹೈವೇ ಪಕ್ಕ ಹೋಗಿ ನಿಂತರು. ರಮಿಸಿ ಕರೆಯಲು ಯಾರೂ ಬರಲಿಲ್ಲ. ಸಂಜೆ ಒಬ್ಬ ಪಂಕ್ಚರಾದ ಬೈಕು ತಳ್ಳಿಕೊಂಡು ಬಂದ. ಸಾಹೇಬರು ಬೈಕಿಗೆ ಹಿಂದಿನಿಂದ ಕೈಹಚ್ಚಿ ತಳ್ಳುತ್ತಾ ಅಂಗಡಿಗೆ ಮರಳಿದರು.