ಹೋಲ್ಡಾನ್ ಅನ್ನುವ ಮಾತಿನ ಬೆಲೆ

ಕಂಡಕ್ಟರ್ ಕೆಲಸಕ್ಕೆ ಸೇರಿದ ಎರಡನೇ ವರ್ಷ ನನಗೆ ವಿಜಯಪುರದಿಂದ ಬಬಲೇಶ್ವರದ ಮೇಲೆ ಕಾಖಂಡಕಿಗೆ ಹೋಗುವ ರೂಟ್ ಸಿಕ್ಕಿತ್ತು. ನಮ್ಮಲ್ಲಿ ಬಸ್ ಹೊರಡಿಸಲು ‘ರೈಟ್’, ನಿಲ್ಲಿಸಲು ‘ಹೋಲ್ಡಾನ್’. ಹೋಲ್ಡಾನ್ ಕೇಳಿದ ಡ್ರೈವರ್ ಯಾಕೆ ಅನ್ನುವಂತಿಲ್ಲ. ಮೊದಲು ಬ್ರೇಕ್, ಆಮೇಲೆ ಮಾತು. ರಿವರ್ಸ್ ತೆಗೆಯುವಾಗಲಂತೂ ಕೆಳಗಿಳಿದು ಹಿಂದೆ ನಿಂತ ಕಂಡಕ್ಟರನೇ ಡ್ರೈವರನ ಕಣ್ಣು.

ನನಗೊಂದು ಚಟವಿತ್ತು, ಕಂಡವರ ದನಿ ತೆಗೆದು ಅಣಕಿಸುವುದು. ಡಿಪೋ ಮ್ಯಾನೇಜರರ ಮೂಗಿನ ದನಿ, ಡ್ರೈವರ್ ಶಿವಪ್ಪಣ್ಣನ ಕೆಮ್ಮು, ಕನ್ಯೆ ನೋಡಲು ಹೋದಾಗ ನಾನೇ ತೊದಲಿದ್ದು, ಯಾವುದನ್ನೂ ಬಿಟ್ಟಿರಲಿಲ್ಲ. ಆ ದಿನ ಮ್ಯಾನೇಜರರ ದನಿಯಲ್ಲಿ ಮೂರು ಸಲ ಸುಳ್ಳು ಹೋಲ್ಡಾನ್ ಕೂಗಿದ್ದೆ. ಮೂರು ಸಲವೂ ಶಿವಪ್ಪಣ್ಣ ಬ್ರೇಕ್ ಒತ್ತಿದ. ಕೊನೆಗೆ, “ಇನ್ನೊಮ್ಮೆ ಹಂಗ ಅಂದ್ರ ನಾ ನಿಲ್ಲಸಂಗಿಲ್ಲ ನೋಡಲೇ,” ಅಂದ, ನಗುತ್ತಲೇ.

ಕಾಖಂಡಕಿಯಲ್ಲಿ ಬಸ್ ತಿರುಗಿಸಬೇಕಿತ್ತು. ನಾನು ಹಿಂದೆ ನಿಂತು ಅದೇ ಮೂಗಿನ ದನಿಯಲ್ಲಿ “ಬರ್ಲಿ, ಬರ್ಲಿ” ಅನ್ನುತ್ತಿದ್ದೆ. ಬಸ್ಸಿಗೆ ಕಾದವರು ನಕ್ಕರು. ನಕ್ಕವರ ಕಡೆ ಮುಖ ಮಾಡಿ ಇನ್ನಷ್ಟು ಕುಣಿದೆ. ಮತ್ತೆ ಬಸ್ಸಿನತ್ತ ತಿರುಗಿದರೆ, ದುಂಡವ್ವ ಹಿಂದಿನ ಗಾಲಿಯ ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚೆಲ್ಲಿದ ಬದನೆಕಾಯಿ ಆರಿಸುತ್ತಿದ್ದಳು. ದಿನಾ ಬಬಲೇಶ್ವರಕ್ಕೆ ಕಾಯಿಪಲ್ಲೆ ಒಯ್ಯುವ ಮುದುಕಿ. ಕಿವಿ ಪೂರಾ ಮಂದ.

ಹೋಲ್ಡಾನ್ ಎಂದು ಕೂಗಿದೆ. ಬಂದದ್ದು ಮ್ಯಾನೇಜರರ ದನಿ. ಬಸ್ ನಿಲ್ಲಲಿಲ್ಲ. ಮತ್ತೆ ಕೂಗಿದೆ, ಮತ್ತೂ ಅದೇ ದನಿ. ಸೀಟಿ ಬಸ್ಸಿನೊಳಗೆ ಚೀಲದಲ್ಲಿತ್ತು. ಮುದುಕಿಗೂ ಗಾಲಿಗೂ ನಡುವೆ ಎರಡು ಮಾರು ಉಳಿದಿರಲಿಲ್ಲ. ನನ್ನ ಸ್ವಂತ ದನಿ ಎಲ್ಲಿ ಹೋಯಿತೋ, ಗಂಟಲಿಗೆ ಬರಲೊಲ್ಲದು. ಓಡಿ ಬಸ್ಸಿನ ತಗಡಿಗೆ ಎರಡೂ ಕೈಯಿಂದ ಬಡಿದೆ. ಆಗ ನನ್ನದೇ ಒಡಕು ದನಿ ಹೊರಬಿತ್ತು.

“ಯಣ್ಣಾ, ಮುದುಕಿ ಅದಾಳೋ, ನಿಲ್ಲಸೋ!”

ಬಸ್ ನಿಂತಿತು. ಗಾಲಿ ದುಂಡವ್ವನ ಸೆರಗಿನ ಮೇಲಿತ್ತು. ಅವಳು ಏಳಲು ಹೋಗಿ, ಏಳಲಾಗದೆ, ಹಿಂದೆ ನೋಡದೆಯೇ ಗದರಿದಳು: “ಯಾರೋ ಅಂವಾ, ಸೆರಗ ಬಿಡೋ. ಬಸ್ಸ ತಪ್ಪತದ.”

ಯಾರೂ ನಗಲಿಲ್ಲ. ಶಿವಪ್ಪಣ್ಣ ಇಳಿದು ಬಂದು ನೋಡಿದ. ಹೊಡೆಯುತ್ತಾನೆಂದು ಕಾದೆ, ಹೊಡೆದಿದ್ದರೆ ಚಲೋ ಇತ್ತು. ಗಾಲಿಗೆ ಕೈಯೂರಿ ಅಲ್ಲೇ ಕುಸಿದು ಕೂತ.

“ನನಗ ಕೇಳಿಸಿತ್ತೋ ತಮ್ಮಾ,” ಅಂದ. “ಎರಡೂ ಸಲ ಕೇಳಿಸಿತ್ತು. ನಾ ನಗಾಕತ್ತಿದ್ನಿ.”

ದನಿ ತೆಗೆಯುವುದನ್ನು ನಾನು ಪೂರ್ತಿ ಬಿಟ್ಟಿಲ್ಲ, ಬಿಟ್ಟೆನೆಂದರೆ ಡಿಪೋದಲ್ಲಿ ಯಾರೂ ನಂಬುವುದಿಲ್ಲ. ಆದರೆ ಹೋಲ್ಡಾನ್ ಎಂಬುದು ಒಬ್ಬ ಕಣ್ಣು ಮುಚ್ಚಿ ಇನ್ನೊಬ್ಬನನ್ನು ನಂಬುವ ಮಾತು. ಅದನ್ನು ನನ್ನ ಒಡಕು ದನಿಯಲ್ಲೇ ಹೇಳುತ್ತೇನೆ, ನಿಜಕ್ಕೂ ನಿಲ್ಲಬೇಕಾದಾಗ ಮಾತ್ರ.