ಬಂದ್ ಮಾಡಬಾರದ ಡಬ್ಬಿ

ಆ ಹೆಂಗಸು ಮೇನ್ ಸ್ವಿಚ್ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೂ ನನ್ನ ನೆನಪಿನಲ್ಲಿ ಅವಳ ಕೈ ಪ್ರತಿಸಲವೂ ಸ್ವಿಚ್ಚಿನ ಮೇಲೆಯೇ ಇರುತ್ತದೆ. ನನ್ನ ವರದಿಗೆ ಒಪ್ಪಲೆಂದು ನೆನಪು ಆಮೇಲೆ ಹೊಂದಿಸಿಕೊಟ್ಟ ಚಿತ್ರ ಅದು. ಅದನ್ನು ನಂಬಬೇಡಿ.

ನಂಬಬಹುದಾದದ್ದು ಇಷ್ಟು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕುಡಿಯುವ ನೀರಿನ ಘಟಕಗಳಿಗೆ ನಾನು ಪುಟ್ಟ ಕಂಪ್ಯೂಟರಿನ ಡಬ್ಬಿ ಕೂಡಿಸುತ್ತಿದ್ದೆ. ನೀರಿನ ಕಾರ್ಡು ತೋರಿಸಿದರೆ ವಾಲ್ವ್ ತೆರೆಯಬೇಕು, ಇಪ್ಪತ್ತು ಲೀಟರ್ ಆದಮೇಲೆ ಮುಚ್ಚಬೇಕು. ಅಷ್ಟೇ ಕೆಲಸ. ಅದಕ್ಕೆ ನಾನು ಹಾಕಿದ್ದು ಮೇಜಿನ ಕಂಪ್ಯೂಟರಿಗೆ ಹಾಕುವ ಲಿನಕ್ಸ್ ಎಂಬ ಮೂಲ ತಂತ್ರಾಂಶವನ್ನೇ, ಇಡಿಯಾಗಿ. ಪರದೆಯಿಲ್ಲದ ಡಬ್ಬಿಯಲ್ಲಿ ಚಿತ್ರ ತೋರಿಸುವ ತಂತ್ರಾಂಶ, ನೀರು ಬಿಡುವ ಡಬ್ಬಿಯಲ್ಲಿ ಪ್ರಿಂಟರ್ ಹುಡುಕುವ ತಂತ್ರಾಂಶ. ನನಗೆ ಬರುತ್ತಿದ್ದದ್ದು ಅದೊಂದೇ, ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಅದು ದಿನವಿಡೀ ಒಳಗಿನ ಮೆಮೊರಿ ಕಾರ್ಡಿಗೆ ಏನಾದರೊಂದು ಬರೆದುಕೊಳ್ಳುತ್ತಲೇ ಇರುತ್ತದೆ. ಬರೆಯುವಾಗ ಕರೆಂಟು ಹೋದರೆ ಮೆಮೊರಿ ಕೆಡಬಹುದು. ಆಮೇಲೆ ಚಾಲೂ ಮಾಡಿದರೆ ಅರ್ಧಕ್ಕೆ ನಿಂತು, ದುರಸ್ತಿ ಮಾಡಲೇ ಎಂದು ಇಲ್ಲದ ಪರದೆಯ ಮೇಲೆ ಕೇಳಿ, ಇಲ್ಲದ ಕೀಬೋರ್ಡಿನ ಉತ್ತರಕ್ಕೆ ಕಾಯುತ್ತದೆ.

ನಿಂಬರ್ಗಾದ ಆಚೆಯ ಒಂದು ಊರಿನಲ್ಲಿ ಘಟಕದ ಚಾವಿ ಆ ಹೆಂಗಸಿನ ಬಳಿ ಇತ್ತು. ಐವತ್ತು ದಾಟಿದವಳು. ಸಂಜೆ ಬೀಗ ಹಾಕುವ ಮುಂಚೆ ಮೇನ್ ಬಂದ್ ಮಾಡುವುದು ಅವಳ ರೂಢಿ. ಸಿಡಿಲಿಗೆ ಮೋಟಾರು ಸುಟ್ಟುಕೊಂಡ ಊರುಗಳಲ್ಲಿ ಎಲ್ಲರ ರೂಢಿಯೂ ಅದೇ. ಎರಡು ಸಲ ಬೆಳಿಗ್ಗೆ ಡಬ್ಬಿ ಏಳಲಿಲ್ಲ. ಹೋಗಿ ಮೆಮೊರಿ ಬದಲಿಸಿ, ಮೇನ್ ಬಂದ್ ಮಾಡಬಾರದೆಂದು ಗೋಡೆಗೆ ಚೀಟಿ ಅಂಟಿಸಿದೆ.

"ಬಂದ್ ಮಾಡಬೇಕಂದ್ರ ಅದರ ಅಪ್ಪಣೆ ಕೇಳಬೇಕೇನು, ತಮ್ಮಾ? ನಮ್ಮ ಅತ್ತಿನೂ ಇಷ್ಟು ಸೊಕ್ಕು ಮಾಡಿದ್ದಿಲ್ಲ."

ಕೊಡ ಹಿಡಿದು ಸಾಲಿನಲ್ಲಿ ನಿಂತವರು ನಕ್ಕರು. ನನಗೆ ಉರಿಯಿತು. ಆ ಉರಿ ಮಾತ್ರ ನೆನಪಿನ ಸೃಷ್ಟಿಯಲ್ಲ.

ಮೂರನೆಯ ಸಲ, ಬೇಸಿಗೆಯಲ್ಲಿ, ಡಬ್ಬಿ ಎರಡು ದಿನ ಸತ್ತುಬಿದ್ದಿತು. ಘಟಕದ ಸಮಿತಿಯವರು ಕಾರಣ ಬರೆದುಕೊಡಿ ಎಂದರು. ಅವಳಿಂದ ಚಾವಿ ಕಸಿಯಲು ಅವರಿಗೊಂದು ಕಾಗದ ಬೇಕಿದೆ ಎಂದು ನನಗೆ ಗೊತ್ತಿರಲಿಲ್ಲ. ಸುಳ್ಳು, ಗೊತ್ತಿತ್ತು. ನಿರ್ವಾಹಕಿಯ ತಪ್ಪು ಎಂದು ಬರೆದೆ. ಬೇಡದ್ದನ್ನೆಲ್ಲ ಕಿತ್ತುಹಾಕಿ, ಮೆಮೊರಿಗೆ ಬರೆಯುವುದನ್ನೇ ನಿಲ್ಲಿಸಿದ್ದರೆ, ಯಾರು ಯಾವಾಗ ಬಂದ್ ಮಾಡಿದರೂ ಡಬ್ಬಿ ಏಳುತ್ತಿತ್ತು. ಹದಿನೈದು ದಿನದ ಕೆಲಸವೆಂದು ಅಂದಾಜು ಹಾಕಿದ್ದೆ. ಅವಳನ್ನು ಕಿತ್ತುಹಾಕಲು ಒಂದು ಸಾಲು ಸಾಕಾಯಿತು.

ಚಾವಿ ಸಮಿತಿಯ ಅಧ್ಯಕ್ಷರ ಅಳಿಯನಿಗೆ ಹೋಯಿತು. ಅವನು ಮೇನ್ ಮುಟ್ಟಲಿಲ್ಲ. ತಿಂಗಳೊಳಗೆ ಲೈನಿನಲ್ಲೇ ಕರೆಂಟು ಹೋಗಿ ಡಬ್ಬಿ ಮತ್ತೆ ಸತ್ತಿತು. ಆಗ, ಆಗ ಮಾತ್ರ, ಮೂರನೆಯ ಸಲ ಬದಲಿಸಿ ಚೀಲದಲ್ಲಿಟ್ಟಿದ್ದ ಹಳೆಯ ಮೆಮೊರಿ ತೆಗೆದು ಓದಿದೆ. ಅದು ಬರೆದುಕೊಂಡ ಕೊನೆಯ ಸಾಲು ಮಟಮಟ ಮಧ್ಯಾಹ್ನದ್ದು. ಯಾರೋ ಕಾರ್ಡು ತೋರಿಸಿದ್ದರು, ವಾಲ್ವ್ ತೆರೆದಿತ್ತು, ಮುಂದೆ ಏನೂ ಇಲ್ಲ. ಕೊಡ ತುಂಬುತ್ತಿರುವಾಗ ಯಾರೂ ಮೇನ್ ಇಳಿಸುವುದಿಲ್ಲ. ಅವತ್ತೂ ಲೈನೇ ಹೋಗಿತ್ತು. ಚೀಟಿ ಅಂಟಿಸಿದ ದಿನದಿಂದ ಒಂದು ಸಂಜೆಯೂ ಡಬ್ಬಿ ಆರಿರಲಿಲ್ಲ. ಬೈಯುತ್ತಲೇ ಅವಳು ಚೀಟಿಯ ಮಾತು ಕೇಳಿದ್ದಳು.

ಅವಳ ಮನೆಗೆ ಹೋದೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಪ್ಪು ನಿಮ್ಮದಲ್ಲ, ಹಾಗೆಂದು ಇನ್ನೊಂದು ಕಾಗದ ಬರೆದುಕೊಡುತ್ತೇನೆ ಎಂದೆ. ಅವಳು ಮೊರ ಕೆಳಗಿಡಲಿಲ್ಲ.

"ಮೊದಲಿನ ಕಾಗದ ಬರಿಯಾಗ ನನ್ನ ಕೇಳಾಕ ಬಂದಿದ್ದಿಲ್ಲಲ್ರೀ, ಸಾಹೇಬ್ರ. ಇದಕ್ಕ ಯಾಕ ಬಂದೀರಿ?"

ಮೊದಲು ತಮ್ಮಾ ಎನ್ನುತ್ತಿದ್ದವಳು.

ಬರೆದುಕೊಟ್ಟೆ. ಅಧ್ಯಕ್ಷರು ಓದಿ ಮಡಚಿಟ್ಟು, ಈಗ ಡಬ್ಬಿ ನಡೆಯಾಕತ್ತದಲ್ಲ, ಬಿಡ್ರಿ ಅಂದರು. ಹೌದು, ಬೇಡದ್ದನ್ನೆಲ್ಲ ನಾನು ಕಿತ್ತುಹಾಕಿದ ಮೇಲೆ ನಡೆಯುತ್ತಿದೆ. ಯಾರು ಯಾವಾಗ ಬಂದ್ ಮಾಡಿದರೂ ಮತ್ತೆ ಏಳುತ್ತದೆ. ಚಾವಿ ಅಳಿಯನ ಬಳಿಯೇ ಇದೆ. ಅವಳು ಕೈಪಂಪಿನ ನೀರು ತರುತ್ತಾಳಂತೆ. ಡಬ್ಬಿಯ ಆ ದುರಸ್ತಿಗೆ ಹದಿನೈದು ದಿನವೂ ಬೇಕಾಗಲಿಲ್ಲ. ಒಂಬತ್ತು ಸಾಕಾದವು.